ಸಂಜೆ ಬೇಗ, ಬೆಳಗು ತಡ: ಚಳಿಗಾಲದ ಕತ್ತಲೆಯ ಲೆಕ್ಕ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಎದುರುಮನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ಇದ್ದಾರೆ. ಓಣಿಗೆಲ್ಲ ಅವರು ಅಕ್ಕೋರು. ಮಗ ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ನೌಕರಿಗಿದ್ದಾನೆ. ಡಿಸೆಂಬರ್ ಕೊನೆಯ ಒಂದು ರಾತ್ರಿ ಎಂಟೂವರೆಗೆ, ಅಂದರೆ ಅಲ್ಲಿನ ಸಂಜೆ ನಾಲ್ಕಕ್ಕೆ, ಅವನು ವಿಡಿಯೊ ಕರೆ ಮಾಡಿದಾಗ ನಾನೂ ಅಲ್ಲೇ ಕುಳಿತಿದ್ದೆ. ಅವನ ಬೆನ್ನ ಹಿಂದಿನ ಕಿಟಕಿಯಲ್ಲಿ ನಮ್ಮ ಕಿಟಕಿಯಷ್ಟೇ ಕತ್ತಲೆ.

"ನಾಲ್ಕು ಗಂಟೆ ಎನ್ನುತ್ತೀಯ, ಅಷ್ಟರಲ್ಲೇ ರಾತ್ರಿ ಆಯಿತೇನಪ್ಪಾ?" ಎಂದು ಅಕ್ಕೋರು ಕೇಳಿದರು.

"ಹೊತ್ತು ಮುಳುಗಿ ಒಂದು ತಾಸಿನ ಮೇಲಾಯಿತು ಅವ್ವಾ. ಬೆಳಿಗ್ಗೆ ಕಚೇರಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಎಷ್ಟು ಮಲಗಿದರೂ ನಿದ್ದೆ ಸಾಲುವುದಿಲ್ಲ" ಎಂದ ಮಗ.

ಕರೆ ಮುಗಿದ ಮೇಲೆ ಅಕ್ಕೋರು ನನ್ನ ಮುಂದೆ ಎರಡು ಪ್ರಶ್ನೆ ಇಟ್ಟರು. ಕತ್ತಲೆಗೂ ಮಗನ ಈ ಮಂಕಿಗೂ ನಿಜವಾಗಿ ಸಂಬಂಧ ಇದೆಯೇ? ಎರಡನೆಯದು ನಮ್ಮ ಊರಿನದೇ: "ಡಿಸೆಂಬರ್ 21ಕ್ಕೆ ಹಗಲು ಅತಿ ಚಿಕ್ಕದು ಎಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ. ಹಾಗಾದರೆ ಆಮೇಲೆ ಬೇಗ ಬೆಳಗಾಗಬೇಕಲ್ಲ? ಪ್ರತಿ ವರ್ಷ ಜನವರಿಯಲ್ಲಿ ಹಾಲಿನವನು ಇನ್ನಷ್ಟು ಕತ್ತಲೆಯಲ್ಲೇ ಬರುತ್ತಾನೆ."

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ಶುರುವಾಗುವುದು ಒಂದೇ ಕಡೆಯಿಂದ.

ಸೂರ್ಯ ದೂರ ಹೋಗುವುದಿಲ್ಲ

ಚಳಿಗಾಲದಲ್ಲಿ ಸೂರ್ಯ ನಮ್ಮಿಂದ ದೂರ ಸರಿಯುತ್ತಾನೆ ಎಂಬುದು ಬಹಳ ಜನರ ನಂಬಿಕೆ. ಇರುವುದು ಇದಕ್ಕೆ ತದ್ವಿರುದ್ಧ. ವರ್ಷದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ. ಜುಲೈ ಆರಂಭದಲ್ಲಿ ಅದು 15.2 ಕೋಟಿ ಕಿಲೋಮೀಟರ್.

ಚಳಿಗಾಲಕ್ಕೆ ಕಾರಣ ಭೂಮಿಯ ಓರೆ. ಭೂಮಿ ತನ್ನ ಅಕ್ಷದ ಮೇಲೆ ಸುಮಾರು 23.5 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ. ಡಿಸೆಂಬರ್‌ನಲ್ಲಿ ಉತ್ತರಾರ್ಧ ಗೋಳ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಆಗ ನಮಗೆ ಸೂರ್ಯ ದಕ್ಷಿಣದ ಕಡೆ, ಕೆಳಗಿನ ದಾರಿಯಲ್ಲಿ ಸಾಗುವಂತೆ ಕಾಣುತ್ತಾನೆ. ದಾರಿ ಗಿಡ್ಡವಾದ್ದರಿಂದ ಹಗಲೂ ಗಿಡ್ಡ. ಕಿರಣ ಓರೆಯಾಗಿ ಬೀಳುವುದರಿಂದ ಬಿಸಿಲೂ ಸೌಮ್ಯ. ಬ್ಯಾಟರಿಯನ್ನು ನೆಟ್ಟಗೆ ನೆಲಕ್ಕೆ ಹಿಡಿದರೆ ಚಿಕ್ಕ ಪ್ರಖರ ವೃತ್ತ ಬೀಳುತ್ತದೆ. ಓರೆಯಾಗಿ ಹಿಡಿದರೆ ಅದೇ ಬೆಳಕು ಉದ್ದಕ್ಕೆ ಹರಡಿ ತೆಳುವಾಗುತ್ತದೆ. ಬ್ಯಾಟರಿ ಅದೇ, ಶೆಲ್ಲೂ ಅದೇ.

ಡಿಸೆಂಬರ್ 21ರ ನಡುಹಗಲು ಬಾಗಲಕೋಟೆಯಲ್ಲಿ ಅಂಗಳಕ್ಕೆ ಬಂದು ನಿಂತು ನೋಡಿ. ನಡುಹಗಲು ಎಂದರೆ ಇಲ್ಲಿ ಹನ್ನೆರಡು ಗಂಟೆಯಲ್ಲ, ಸುಮಾರು 12.25. ನಮ್ಮ ಗಡಿಯಾರ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ, ಪಶ್ಚಿಮದ ಊರುಗಳಿಗೆ ಸೂರ್ಯ ಗಡಿಯಾರಕ್ಕಿಂತ ತಡವಾಗಿ ನೆತ್ತಿಯ ಕಡೆ ಬರುತ್ತಾನೆ. ಆ ಹೊತ್ತಿನಲ್ಲಿ ಐದು ಅಡಿ ಎತ್ತರದವರ ನೆರಳು ಉತ್ತರಕ್ಕೆ ಸುಮಾರು ನಾಲ್ಕು ಅಡಿ ಚಾಚಿರುತ್ತದೆ. ಮೇ ಮೊದಲ ವಾರದಲ್ಲಿ ಅದೇ ನಡುಹಗಲಿಗೆ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ 21ರಂದು ಸೂರ್ಯ ನಡುಹಗಲಿನಲ್ಲೂ ದಿಗಂತದಿಂದ ಏಳು ಡಿಗ್ರಿಯಷ್ಟೇ ಮೇಲಿರುತ್ತಾನೆ. ನಮ್ಮಲ್ಲಿ ಹೊತ್ತು ಮುಳುಗಲು ಅರ್ಧ ತಾಸು ಇರುವಾಗ ಕಾಣುವಷ್ಟೇ ಎತ್ತರ. ಅವರಿಗೆ ಅದೇ ಮಧ್ಯಾಹ್ನ.

ಹಗಲಿನ ಉದ್ದ ನೋಡಿ. ಬಾಗಲಕೋಟೆಗೆ ಅತಿ ಚಿಕ್ಕ ಹಗಲು 11 ಗಂಟೆ 10 ನಿಮಿಷ, ಅತಿ ದೊಡ್ಡದು 13 ಗಂಟೆ 5 ನಿಮಿಷ. ವಿಜಯಪುರ ಮತ್ತು ಬೆಳಗಾವಿಯಲ್ಲೂ ಕೆಲವೇ ನಿಮಿಷಗಳ ವ್ಯತ್ಯಾಸ. ವರ್ಷವಿಡೀ ಸೇರಿ ಏರಿಳಿತ ಎರಡು ತಾಸೂ ಇಲ್ಲ. ಸ್ಟಾಕ್‌ಹೋಮ್‌ನ ಅತಿ ಚಿಕ್ಕ ಹಗಲು ಆರು ತಾಸು. ಇನ್ನೂ ಉತ್ತರಕ್ಕಿರುವ ನಾರ್ವೆಯ ಟ್ರೊಮ್ಸೊ ಊರಿನಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ.

ಹಾಲಿನವನ ಕತ್ತಲೆ

ಇನ್ನು ಅಕ್ಕೋರ ಎರಡನೆಯ ಪ್ರಶ್ನೆ. ಬಾಗಲಕೋಟೆಯ ಮೂರು ದಿನಗಳ ಸಮಯ ಇಲ್ಲಿದೆ, ಒಂದೆರಡು ನಿಮಿಷ ಆಚೀಚೆ ಇಟ್ಟುಕೊಳ್ಳಿ. ನವೆಂಬರ್ 22ರಂದು ಸೂರ್ಯೋದಯ 6.34, ಸೂರ್ಯಾಸ್ತ 5.52. ಡಿಸೆಂಬರ್ 21ರಂದು 6.50 ಮತ್ತು 6.00. ಜನವರಿ 18ರಂದು 6.59 ಮತ್ತು 6.16. ಬೆಳಗಾವಿಯವರು ಇವಕ್ಕೆಲ್ಲ ಐದು ನಿಮಿಷ ಸೇರಿಸಿಕೊಳ್ಳಬೇಕು, ಏಕೆಂದರೆ ಅವರು ಇನ್ನಷ್ಟು ಪಶ್ಚಿಮಕ್ಕಿದ್ದಾರೆ.

ಅಂಕಿಗಳನ್ನು ಇನ್ನೊಮ್ಮೆ ಓದಿ. ಸಂಜೆ ಅತಿ ಬೇಗ ಕತ್ತಲಾಗುವುದು ನವೆಂಬರ್ ಮೂರು ಅಥವಾ ನಾಲ್ಕನೆಯ ವಾರದಲ್ಲಿ. ಬೆಳಗು ಅತಿ ತಡವಾಗುವುದು ಜನವರಿ ಮೂರನೆಯ ವಾರದ ಸುಮಾರಿಗೆ. ಅತಿ ಚಿಕ್ಕ ಹಗಲು ಇವೆರಡರ ನಡುವೆ ಬರುತ್ತದೆ. ಅಂದರೆ ಹಾಲಿನವನ ವಿಷಯದಲ್ಲಿ ಅಕ್ಕೋರು ಕಂಡದ್ದು ಸರಿ, ತರಗತಿಯಲ್ಲಿ ಕಲಿಸಿದ್ದೂ ಸರಿ.

ಕಾರಣ ಹೀಗಿದೆ. ಒಂದು ನಡುಹಗಲಿನಿಂದ ಮುಂದಿನ ನಡುಹಗಲಿಗೆ ಸರಿಯಾಗಿ 24 ಗಂಟೆ ಎಂದು ನಾವು ತಿಳಿದಿರುತ್ತೇವೆ. ಅದು ವರ್ಷದ ಸರಾಸರಿ ಮಾತ್ರ. ಡಿಸೆಂಬರ್ ಕೊನೆಯಲ್ಲಿ ಅದು 24 ಗಂಟೆಗಿಂತ ಅರ್ಧ ನಿಮಿಷದಷ್ಟು ಹೆಚ್ಚಿರುತ್ತದೆ. ಸೂರ್ಯನಿಗೆ ಹತ್ತಿರವಿರುವ ಭೂಮಿ ಆಗ ತನ್ನ ಕಕ್ಷೆಯಲ್ಲಿ ವೇಗವಾಗಿ ಓಡುತ್ತಿರುತ್ತದೆ. ಒಂದು ಸುತ್ತು ತಿರುಗಿ ಮತ್ತೆ ಸೂರ್ಯನಿಗೆ ಮುಖಮಾಡಲು ಅದಕ್ಕೆ ಸ್ವಲ್ಪ ಹೆಚ್ಚು ತಿರುಗಬೇಕಾಗುತ್ತದೆ. ಅಕ್ಷದ ಓರೆಯೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಹೀಗಾಗಿ ನಡುಹಗಲು ದಿನಕ್ಕೆ ಅರ್ಧ ನಿಮಿಷ ಮುಂದೆ ಜಾರುತ್ತದೆ. ಅದರೊಂದಿಗೆ ಬೆಳಗೂ ಜಾರುತ್ತದೆ, ಸಂಜೆಯೂ ಜಾರುತ್ತದೆ.

ಒಂದು ಕಿರಾಣಿ ಅಂಗಡಿ ನೆನೆಸಿಕೊಳ್ಳಿ. ಮಾಲೀಕರು ದಿನವೂ ಅರ್ಧ ನಿಮಿಷ ತಡವಾಗಿ ಬಾಗಿಲು ತೆರೆಯುತ್ತಾರೆ, ಅಷ್ಟೇ ತಡವಾಗಿ ಮುಚ್ಚುತ್ತಾರೆ. ಬೆಳಿಗ್ಗೆ ಬರುವ ಗಿರಾಕಿಗೆ ಅಂಗಡಿ ದಿನದಿಂದ ದಿನಕ್ಕೆ ತಡವಾದಂತೆ ಕಾಣುತ್ತದೆ. ಸಂಜೆಯ ಗಿರಾಕಿಗೆ ಹೆಚ್ಚು ಹೊತ್ತು ತೆರೆದಂತೆ ಕಾಣುತ್ತದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಹಗಲಿನ ಉದ್ದ ದಿನಕ್ಕೆ ಕೆಲವೇ ಸೆಕೆಂಡು ಬದಲಾಗುವುದರಿಂದ ಈ ಜಾರುವಿಕೆಯ ಕೈ ಮೇಲಾಗುತ್ತದೆ. ಜನವರಿ ಮೂರನೆಯ ವಾರ ಕಳೆದ ಮೇಲೆ ಹಗಲು ಜೋರಾಗಿ ಬೆಳೆಯತೊಡಗಿ ಬೆಳಗನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ.

ಇಷ್ಟು ಗೊತ್ತಾದ ಮೇಲೆ ನಮ್ಮ ಹಬ್ಬಗಳ ಪಟ್ಟಿಯನ್ನು ಮತ್ತೆ ನೋಡಿದರೆ ಮಜವಾಗಿದೆ. ಗುಡಿಗುಡಿಗಳಲ್ಲಿ ಸಂಜೆ ದೀಪ ಹಚ್ಚುವ ಕಾರ್ತಿಕ ಮಾಸ ಬರುವುದು ಸಂಜೆ ಅತಿ ಬೇಗ ಕತ್ತಲಾಗುವ ನವೆಂಬರ್‌ನಲ್ಲಿ. ಎಳ್ಳ ಅಮಾವಾಸ್ಯೆ ಅತಿ ಚಿಕ್ಕ ಹಗಲಿನ ಹತ್ತಿರ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಎಲ್ಲಾದರೂ ಬೀಳುತ್ತದೆ. ಸಂಕ್ರಾಂತಿ ಬರುವುದು ಬೆಳಗು ಅತಿ ತಡವಾಗುವ ದಿನಗಳಲ್ಲಿ. ಇದು ಕಾಕತಾಳೀಯವೇ ಇರಬಹುದು. ಆದರೂ ಚಳಿಗಾಲದ ಮೂರು ತಿರುವುಗಳಲ್ಲಿ ಒಂದೊಂದು ಹಬ್ಬ ನಿಂತಿರುವುದು ನನಗಂತೂ ಹಿಡಿಸಿದೆ.

ಜಾಗ ತಪ್ಪಿದ ಎರಡು ಹಬ್ಬಗಳು

ಸಂಕ್ರಾಂತಿಗೆ ಉತ್ತರಾಯಣ ಶುರು ಎನ್ನುತ್ತೇವೆ. ಸೂರ್ಯ ನಿಜಕ್ಕೂ ಉತ್ತರದ ಕಡೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು. ಈ ಮೂರು ವಾರದ ಅಂತರ ಎಲ್ಲಿಂದ ಬಂತು? ತಿರುಗುವ ಬುಗುರಿಯ ತಲೆ ಹೇಗೆ ನಿಧಾನವಾಗಿ ಓಲಾಡುತ್ತದೆಯೋ ಹಾಗೆ ಭೂಮಿಯ ಅಕ್ಷವೂ ಓಲಾಡುತ್ತದೆ. ಒಂದು ಓಲಾಟಕ್ಕೆ ಸುಮಾರು 26,000 ವರ್ಷ. ನಮ್ಮ ಪಂಚಾಂಗ ಮಕರ ಸಂಕ್ರಮಣವನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಲೆಕ್ಕ ಹಾಕುತ್ತದೆ. ಋತುಗಳು ನಡೆಯುವುದು ಅಕ್ಷದ ಓರೆಯ ಮಾತಿನಂತೆ. ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು.

ಅಕ್ಕೋರ ಮಗ ಇರುವ ಸ್ವೀಡನ್‌ನಲ್ಲೂ ಇಂಥದ್ದೇ ಒಂದು ಹಬ್ಬವಿದೆ. ಡಿಸೆಂಬರ್ 13ರ ಲೂಸಿಯಾ. ಆ ಬೆಳಿಗ್ಗೆ ಬಿಳಿ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳು ತಲೆಯ ಮೇಲೆ ದೀಪದ ಕಿರೀಟ ಹೊತ್ತು ಮೆರವಣಿಗೆಯ ಮುಂದೆ ನಡೆಯುತ್ತಾಳೆ. ಹಳೆಯ ಜೂಲಿಯನ್ ಕ್ಯಾಲೆಂಡರ್‌ನಲ್ಲಿ, ಮಧ್ಯಯುಗದ ಹೊತ್ತಿಗೆ, ಅತಿ ದೀರ್ಘ ರಾತ್ರಿ ಬೀಳುತ್ತಿದ್ದುದು ಆ ತಾರೀಖಿನ ಸುಮಾರಿಗೆ. 1753ರಲ್ಲಿ ಸ್ವೀಡನ್ ಕ್ಯಾಲೆಂಡರ್ ಬದಲಿಸಿತು, ಹಬ್ಬ ಮಾತ್ರ ಹಳೆಯ ತಾರೀಖಿಗೇ ಉಳಿಯಿತು. ಅವರ ಬೆಳಕಿನ ಹಬ್ಬ ಒಂದು ವಾರ ಮೊದಲು, ನಮ್ಮದು ಮೂರು ವಾರ ತಡ. ಲೆಕ್ಕ ತಪ್ಪಿತೆಂದು ಯಾರೂ ಹಬ್ಬ ಬಿಟ್ಟಿಲ್ಲ.

ಹಗಲು ಬನಿಯನ್, ರಾತ್ರಿ ಕಂಬಳಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳ ಚಳಿಗೆ ಇನ್ನೊಂದು ಗುಣವಿದೆ. ಮಧ್ಯಾಹ್ನ 30 ಡಿಗ್ರಿ ಸುಮಾರು ಇರುತ್ತದೆ, ಬೆಳಗಿನ ಜಾವಕ್ಕೆ 12ಕ್ಕೋ 13ಕ್ಕೋ ಇಳಿಯುತ್ತದೆ. ವಿಜಯಪುರದಲ್ಲಿ ಕೆಲವು ರಾತ್ರಿ ಹತ್ತಕ್ಕಿಂತ ಕೆಳಗೆ ಹೋಗುವುದೂ ಉಂಟು. ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನಕ್ಕೆ ಬರುವವರು ಸ್ವೆಟರ್ ಹಾಕಿಕೊಂಡು ಬಂದು ಮಧ್ಯಾಹ್ನ ಅದನ್ನು ಕೈಯಲ್ಲಿ ಹಿಡಿದು ಓಡಾಡುವುದು ಇದೇ ಕಾರಣಕ್ಕೆ.

ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿದ್ದರೆ, ಗಾಳಿಯಲ್ಲಿ ತೇವವಿದ್ದರೆ, ಆ ಶಾಖದ ಒಂದು ಪಾಲು ಮರಳಿ ಬರುತ್ತದೆ. ಮಂಗಳೂರಿಗೆ ಸಮುದ್ರವೂ ಇದೆ, ತೇವವೂ ಇದೆ. ಅಲ್ಲಿ ಆಕಾಶಕ್ಕೆ ಹೊದಿಕೆ ಇದ್ದಂತೆ. ನಮ್ಮ ಬಯಲಿನಲ್ಲಿ ಡಿಸೆಂಬರ್‌ನ ಗಾಳಿ ಒಣಗಿರುತ್ತದೆ, ಆಕಾಶ ತೆರೆದಿರುತ್ತದೆ. ಬಿಟ್ಟ ಶಾಖ ಬಿಟ್ಟಂತೆಯೇ ಹೋಗುತ್ತದೆ. ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ನೆಲ ಪಡೆಯುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಹಾಗಾಗಿ ದಿನದ ಅತಿ ಚಳಿಯ ಗಳಿಗೆ ನಡುರಾತ್ರಿಯಲ್ಲ, ಸೂರ್ಯೋದಯದ ಆಸುಪಾಸು. ತಂಪಾದ ಭಾರದ ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುವುದರಿಂದ ಹೊಗೆ ಮೇಲೇರದೆ ಓಣಿಯಲ್ಲೇ ಮಲಗಿರುತ್ತದೆ. ಕಸಕ್ಕೆ ಬೆಂಕಿ ಹಚ್ಚಿ ಕಾಯಿಸಿಕೊಳ್ಳುವವರ ಪಕ್ಕದ ಮನೆಯಲ್ಲಿ ದಮ್ಮಿನವರಿದ್ದರೆ ಆ ಬೆಳಗು ಅವರ ಪಾಲಿಗೆ ಕಷ್ಟ.

ಮಿದುಳಿನಲ್ಲೊಂದು ಗಡಿಯಾರ

ಈಗ ಮಗನ ನಿದ್ದೆಯ ವಿಷಯ. ನಮ್ಮ ಮಿದುಳಿನ ತಳಭಾಗದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಒಂದು ಸಣ್ಣ ಗುಂಪಿದೆ. ಅಕ್ಕಿ ಕಾಳಿಗಿಂತ ಚಿಕ್ಕದು. ನಿದ್ದೆ, ಎಚ್ಚರ, ಹಸಿವು, ಮೈಯ ಶಾಖ ಇವುಗಳ ದಿನದ ಏರಿಳಿತವನ್ನು ನಡೆಸುವುದು ಈ ಗುಂಪು. ಜೀವಕೋಶದೊಳಗೆ ಇಂಥ ಗಡಿಯಾರ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೊಸ್‌ಬ್ಯಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ಈ ಗಡಿಯಾರಕ್ಕೆ ಒಂದು ದೋಷವಿದೆ. ಅದರ ಪಾಡಿಗೆ ಬಿಟ್ಟರೆ ಹೆಚ್ಚಿನವರಲ್ಲಿ ಅದು 24 ಗಂಟೆಗಿಂತ ಹತ್ತು ಹನ್ನೆರಡು ನಿಮಿಷ ಹೆಚ್ಚು ತೆಗೆದುಕೊಳ್ಳುತ್ತದೆ. ಗೋಡೆಯ ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬಿದ್ದರೆ ನಾವು ದಿನವೂ ಮುಳ್ಳು ತಿರುಗಿಸುತ್ತೇವಲ್ಲ, ಇಲ್ಲಿ ಆ ಕೆಲಸ ಮಾಡುವುದು ಬೆಳಗಿನ ಬೆಳಕು. ಕಣ್ಣಿನ ಹಿಂಪರದೆಯಲ್ಲಿ ನೋಡುವುದಕ್ಕಲ್ಲದೆ ಬೆಳಕಿನ ಪ್ರಮಾಣ ಅಳೆಯುವುದಕ್ಕೇ ಇರುವ ಬೇರೆ ಕೋಶಗಳಿವೆ. ಅವು ಪತ್ತೆಯಾಗಿ ಇನ್ನೂ ಕಾಲು ಶತಮಾನದಷ್ಟಾಗಿದೆ. ದೃಷ್ಟಿ ಇಲ್ಲದವರಲ್ಲೂ ಕೆಲವರಿಗೆ ಈ ಕೋಶಗಳು ಉಳಿದಿರುವುದರಿಂದ ಅವರ ಗಡಿಯಾರ ಸರಿಯಾಗಿಯೇ ನಡೆಯುತ್ತದೆ. ಬೆಳಗಾಯಿತು ಎಂಬ ಸುದ್ದಿ ಇವುಗಳಿಂದ ಮುಟ್ಟಿದರೆ, ರಾತ್ರಿಯ ಸೂಚನೆ ಕೊಡುವ ಮೆಲಟೋನಿನ್ ಎಂಬ ರಸ ಸ್ರವಿಸುವುದು ನಿಲ್ಲುತ್ತದೆ. ಕತ್ತಲೆಯಲ್ಲೇ ಎದ್ದು, ಕತ್ತಲೆಯಲ್ಲೇ ಬಸ್ ಹಿಡಿದರೆ ಸುದ್ದಿ ಮುಟ್ಟುವುದು ತಡವಾಗುತ್ತದೆ. ಮೈ ಕಚೇರಿಯಲ್ಲಿ, ಗಡಿಯಾರ ಇನ್ನೂ ಹಾಸಿಗೆಯಲ್ಲಿ.

ಎಷ್ಟು ಬೆಳಕು ಬೇಕು?

ಬೆಳಕನ್ನು ಅಳೆಯುವ ಮಾನ ಲಕ್ಸ್. ರಾತ್ರಿ ಟ್ಯೂಬ್‌ಲೈಟ್ ಉರಿಯುವ ನಮ್ಮ ಪಡಸಾಲೆಯಲ್ಲಿ 100ರಿಂದ 300 ಲಕ್ಸ್ ಇರುತ್ತದೆ. ಒಳ್ಳೆಯ ದೀಪಗಳಿರುವ ಕಚೇರಿಯಲ್ಲಿ 500. ಹಗಲು ಹೊರಗೆ ಬಂದು ಬೇವಿನ ಮರದ ನೆರಳಿನಲ್ಲಿ ನಿಂತರೂ ಹಲವು ಸಾವಿರ. ನೇರ ಬಿಸಿಲಿನಲ್ಲಿ ಒಂದು ಲಕ್ಷದವರೆಗೆ. ಇಷ್ಟೊಂದು ಅಂತರ ನಮಗೆ ಗೊತ್ತಾಗದಿರಲು ಕಾರಣ ಕಣ್ಣೇ. ಅದು ಎರಡಕ್ಕೂ ಬೇಗ ಹೊಂದಿಕೊಂಡು, ಒಳಗೂ ಸಾಕಷ್ಟು ಬೆಳಕಿದೆ ಎಂದು ನಂಬಿಸುತ್ತದೆ.

ಇಲ್ಲೇ ನಮಗೂ ಅಕ್ಕೋರ ಮಗನಿಗೂ ಇರುವ ವ್ಯತ್ಯಾಸ. ಅವನ ಊರಿನಲ್ಲಿ ಬೆಳಕಿನದೇ ಕೊರತೆ. ನಮ್ಮ ಊರಿನಲ್ಲಿ ಬಾಗಿಲ ಹೊರಗೆ ಹನ್ನೊಂದು ತಾಸಿನ ಬೆಳಕು ಬಿದ್ದಿರುತ್ತದೆ, ಚಳಿಯೆಂದು ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು ನಾವು. ನಮ್ಮ ಹಿರಿಯರು ಕಟ್ಟೆಯ ಮೇಲೆ ಕುಳಿತು ಎಳೆ ಬಿಸಿಲು ಕಾಯಿಸುತ್ತಿದ್ದುದನ್ನು ಸೋಮಾರಿತನ ಎಂದು ನಾನೂ ಒಂದು ಕಾಲದಲ್ಲಿ ಅಂದುಕೊಂಡಿದ್ದೆ. ಬೆಳಿಗ್ಗೆ ಏಳೂವರೆಯಿಂದ ಎಂಟರವರೆಗೆ ಪೂರ್ವದ ಕಟ್ಟೆಯಲ್ಲಿ ಅರ್ಧ ತಾಸು ಕುಳಿತವರ ಕಣ್ಣಿಗೆ ಸಿಗುವ ಬೆಳಕು, ಇಡೀ ದಿನ ಟ್ಯೂಬ್‌ಲೈಟ್ ಕೆಳಗೆ ಕುಳಿತವರಿಗೆ ಸಿಗುವುದಿಲ್ಲ. ಸೂರ್ಯನನ್ನು ನೇರವಾಗಿ ನೋಡಬಾರದು, ಆ ಬೆಳಕಿನಲ್ಲಿ ಇದ್ದರೆ ಸಾಕು. ರಾತ್ರಿ ಕೌದಿಯೊಳಗೆ ಮೊಬೈಲ್ ಹಿಡಿದರೆ ಇದೇ ಕೋಶಗಳಿಗೆ ತಪ್ಪು ಸುದ್ದಿ ಹೋಗಿ ನಿದ್ದೆ ಮುಂದೆ ಹೋಗುತ್ತದೆ.

ವಿಟಮಿನ್ ಡಿ ಬೇರೆಯೇ ಲೆಕ್ಕ. ಅದು ಕಣ್ಣಿನ ಮೂಲಕ ಆಗುವುದಲ್ಲ, ಚರ್ಮದಲ್ಲಿ ಆಗುವುದು. ಅದಕ್ಕೆ ಬೇಕಾದ ಅತಿನೇರಳೆ ಕಿರಣ ಎಳೆ ಬಿಸಿಲಿನಲ್ಲಿ ಬಹಳ ಕಡಿಮೆ, ಮಧ್ಯಾಹ್ನದ ಬಿಸಿಲಿನಲ್ಲಿ ಹೆಚ್ಚು. ಕಿಟಕಿಯ ಗಾಜು ಅದನ್ನು ಒಳಗೆ ಬಿಡುವುದಿಲ್ಲ. ಸ್ವೀಡನ್‌ನ ಚಳಿಗಾಲದ ಸೂರ್ಯನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಮಂಕು ಕಾಯಿಲೆಯಾಗುವುದು ಯಾವಾಗ?

ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ಅಲ್ಲಿನ ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಕುಂದುವುದನ್ನು ಗಮನಿಸಿದರು. 1984ರಲ್ಲಿ ಅವರು ಮತ್ತು ಸಂಗಡಿಗರು ಪ್ರತಿ ಚಳಿಗಾಲಕ್ಕೆ ಮರಳಿ ಬರುವ ಖಿನ್ನತೆಯನ್ನು ವಿವರಿಸಿದರು. ಕನ್ನಡದಲ್ಲಿ ಇದನ್ನು ಋತುಮಾನದ ಖಿನ್ನತೆ ಎನ್ನಬಹುದು. ಸಾಮಾನ್ಯ ಖಿನ್ನತೆಯಲ್ಲಿ ಅನೇಕರಿಗೆ ನಿದ್ದೆ, ಹಸಿವು ಕಡಿಮೆಯಾಗುತ್ತವೆ. ಇದರಲ್ಲಿ ಅನೇಕರಿಗೆ ನಿದ್ದೆ ಹೆಚ್ಚಾಗುತ್ತದೆ, ಸಿಹಿ ಮತ್ತು ಅನ್ನ ಬ್ರೆಡ್ಡಿನಂಥ ಪದಾರ್ಥಗಳ ಮೇಲೆ ಆಸೆ ಏರುತ್ತದೆ, ತೂಕ ಹೆಚ್ಚುತ್ತದೆ, ಜನರ ಜೊತೆ ಬೆರೆಯುವುದು ಬೇಡವಾಗುತ್ತದೆ. ವಸಂತ ಬಂದಾಗ ತಾನಾಗಿ ಇಳಿಯುತ್ತದೆ. ಮುಂದಿನ ವರ್ಷ ಮತ್ತೆ ಹಾಜರು.

ಚಿಕಿತ್ಸೆಗಳಲ್ಲಿ ಒಂದು ಬೆಳಕೇ. 10,000 ಲಕ್ಸ್ ಕೊಡುವ ವಿಶೇಷ ದೀಪದ ಮುಂದೆ ಬೆಳಿಗ್ಗೆ ಸುಮಾರು ಅರ್ಧ ತಾಸು ಕೂರುವುದು. ದಿಟ್ಟಿಸಬೇಕಿಲ್ಲ, ಮುಂದೆ ಕುಳಿತು ತಿಂಡಿ ತಿನ್ನಬಹುದು, ಓದಬಹುದು. ಕಣ್ಣಿನ ತೊಂದರೆ ಇದ್ದವರು, ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಮಾತಿನ ಚಿಕಿತ್ಸೆ, ಔಷಧಿ ಕೂಡ ಇವೆ.

ನಮ್ಮ ಅಕ್ಷಾಂಶದಲ್ಲಿ ಹಗಲು ಇಷ್ಟೊಂದು ಕುಗ್ಗುವುದಿಲ್ಲವಾದ್ದರಿಂದ ಇಲ್ಲಿ ಯಾರಿಗಾದರೂ ಎರಡು ವಾರಕ್ಕೂ ಮೀರಿ ಬೇಸರ ಹಿಡಿದು, ಯಾವುದರಲ್ಲೂ ಮನಸ್ಸಿಲ್ಲದೆ, ಕೆಲಸ ನಿಂತುಹೋದರೆ ಅದನ್ನು ಚಳಿಯ ಮೇಲೆ ಹಾಕಿ ಸುಮ್ಮನಿರಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಬೆಳಗಾವಿಯಿಂದಾಗಲಿ ಬಾಗಲಕೋಟೆಯಿಂದಾಗಲಿ ಬೆಳಿಗ್ಗೆ ಹೊರಟು ಸಂಜೆ ಮರಳುವಷ್ಟು ದೂರ.

ಕೌದಿಯೊಳಗಿನ ಗಾಳಿ

ಬೆಳಕಿನ ಮಾತಾಯಿತು, ಇನ್ನು ಬೆಚ್ಚಗಿನದು. ಅಕ್ಕೋರ ಮನೆಯಲ್ಲಿ ಅವರ ಅತ್ತೆ ಹೊಲಿದ ಒಂದು ಕೌದಿ ಇದೆ. ಹಳೆಯ ನೂಲಿನ ಸೀರೆಗಳನ್ನು ಐದಾರು ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಬಂದ ಹೊಲಿಗೆ. ನಡುವೆ ಒಂದು ಇಳಕಲ್ ಸೀರೆಯ ಸೆರಗಿನ ಕೆಂಪು ತುಂಡು. ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿದರೆ ಉಬ್ಬು ತಗ್ಗು ಸಿಗುತ್ತದೆ. ಬೆಚ್ಚಗಿರುವ ಗುಟ್ಟು ಆ ಉಬ್ಬಿನಲ್ಲಿದೆ.

ಕೌದಿಯಾಗಲಿ ಕಂಬಳಿಯಾಗಲಿ ಶಾಖ ಹುಟ್ಟಿಸುವುದಿಲ್ಲ. ಶಾಖ ನಮ್ಮ ಮೈಯದೇ. ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಆ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಹೊಲಿಗೆಯ ಸಾಲುಗಳು ಗಾಳಿಯನ್ನು ಚಿಕ್ಕ ಚಿಕ್ಕ ಗೂಡುಗಳಲ್ಲಿ ಹಿಡಿದಿಡುತ್ತವೆ. ಕಂಬಳಿಯಲ್ಲಿ ಇದೇ ಕೆಲಸವನ್ನು ಗುಂಗುರು ಉಣ್ಣೆ ಮಾಡುತ್ತದೆ. ಒಂದು ದಪ್ಪ ಸ್ವೆಟರ್‌ಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ತೊಟ್ಟರೆ ಬೆಚ್ಚಗಿರುವುದೂ ಇದರಿಂದಲೇ. ಹಗಲು ಕೌದಿಯನ್ನು ಬಿಸಿಲಿಗೆ ಹಾಕಿದರೆ ತೇವ ಆರಿ, ಪದರಗಳು ಮತ್ತೆ ಉಬ್ಬಿ, ರಾತ್ರಿಗೆ ಸಿದ್ಧವಾಗುತ್ತದೆ.

ವಯಸ್ಸಾದವರ ವಿಷಯದಲ್ಲಿ ಒಂದು ಎಚ್ಚರಿಕೆ. ಚಳಿಗೆ ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ. ಹೃದಯದ ತೊಂದರೆ ಇರುವವರು ನಸುಕಿನ ನಾಲ್ಕೂವರೆಯ ವಾಕಿಂಗ್ ಬಿಟ್ಟು ಬಿಸಿಲೇರಿದ ಮೇಲೆ ಹೊರಟರೆ ಬೆಳಕೂ ಸಿಗುತ್ತದೆ.

ಬೇಡವಾದ ಬೆಚ್ಚಗೆ

ಇದ್ದಿಲು ಅಥವಾ ಕಟ್ಟಿಗೆಯ ಕೆಂಡವನ್ನು ಬುಟ್ಟಿಯಲ್ಲೋ ಅಗ್ಗಿಷ್ಟಿಕೆಯಲ್ಲೋ ಹಾಕಿ, ಕೋಣೆಯೊಳಗೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೆ ಅಪಾಯ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟನ್ನೆಲ್ಲ ಬೇರೆಯವರು ಹಿಡಿದು ಇಳಿಯದೆ ಕುಳಿತಂತೆ, ಆಮ್ಲಜನಕಕ್ಕೆ ಜಾಗವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತವೆ. ಮಲಗಿದವರಿಗೆ ಅಷ್ಟೂ ತಿಳಿಯುವುದಿಲ್ಲ. ಹೊಗೆ ಕಾಣಿಸದಿದ್ದರೆ ಅಪಾಯವಿಲ್ಲ ಎಂಬುದು ತಪ್ಪು ತಿಳುವಳಿಕೆ, ಹೊಗೆಯಾಡದ ಕೆಂಡವೇ ಹೆಚ್ಚು ಮೋಸ ಮಾಡುತ್ತದೆ. ಬೆಂಕಿ ಕಾಯಿಸುವುದಿದ್ದರೆ ಬಯಲಿನಲ್ಲಿ. ಕಬ್ಬು ಕಡಿಯಲು ಬಂದು ಹೊಲದಂಚಿನ ಗುಡಾರಗಳಲ್ಲಿ ಮಕ್ಕಳೊಂದಿಗೆ ಮಲಗುವವರಿಗೆ, ರಾತ್ರಿ ಪಾಳಿಯ ಕರೆಂಟಿಗೆ ಎದ್ದು ನೀರು ಹಾಯಿಸುವ ರೈತರಿಗೆ ಇದನ್ನು ಯಾರಾದರೂ ಕುಳಿತು ಹೇಳಬೇಕು. ಅವರೇ ಈ ಲೇಖನ ಓದುವ ಸಂಭವ ಕಡಿಮೆ.

ಹೊಲದಲ್ಲಿ ಊಟ

ಎಳ್ಳ ಅಮಾವಾಸ್ಯೆಗೆ ಅಕ್ಕೋರ ತವರಿನವರು ನಮ್ಮನ್ನೂ ಹೊಲಕ್ಕೆ ಕರೆದಿದ್ದರು. ಕರಿ ಎರೆ ಭೂಮಿಯಲ್ಲಿ ಎದೆಯುದ್ದ ಬಿಳಿಜೋಳ. ಹಿಂಗಾರಿನ ಈ ಜೋಳ ಬೆಳೆಯುವುದು ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆ. ಚಳಿ ಚೆನ್ನಾಗಿ ಬಿದ್ದರೆ ಜೋಳ ಚೆನ್ನಾಗಿ ಬರುತ್ತದೆ ಎಂದು ರೈತರು ಹೇಳುವುದರಲ್ಲಿ ಅರ್ಥವಿದೆ. ತಂಪಿನಲ್ಲಿ ನೆಲದ ತೇವ ಬೇಗ ಆರುವುದಿಲ್ಲ.

ಬುಟ್ಟಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬದನೆಕಾಯಿ ಎಣ್ಣೆಗಾಯಿ, ಹಿಂಡಿ, ಮೊಸರು. ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ. ಶೇಂಗಾವೂ ಹೆಚ್ಚುಕಡಿಮೆ ಹಾಗೆಯೇ. ಒಂದು ಗ್ರಾಂ ಕೊಬ್ಬಿನಿಂದ ಒಂಬತ್ತು ಕ್ಯಾಲರಿ ಸಿಗುತ್ತದೆ, ಅಷ್ಟೇ ಹಿಟ್ಟಿನಿಂದ ನಾಲ್ಕು. ಚಳಿಯಲ್ಲಿ ಮೈ ಶಾಖ ಕಾಯ್ದುಕೊಳ್ಳಲು ಹೆಚ್ಚು ಇಂಧನ ಕೇಳಿದಾಗ ಈ ಬುಟ್ಟಿ ಅದಕ್ಕೆ ತಕ್ಕದ್ದು. ಮೂರನೆಯ ಹೋಳಿಗೆಗೆ ಮಾತ್ರ ಈ ವಿವರಣೆ ಅನ್ವಯಿಸುವುದಿಲ್ಲ.

ಪೂಜೆ ಮುಗಿದು, ಗಂಡಸರು ಬೆಳೆಯ ಸುತ್ತ ಚರಗ, ಅಂದರೆ ಭೂಮಿತಾಯಿಗೆ ಎಡೆಯ ಅಡುಗೆ, ಚೆಲ್ಲಿ ಬಂದು, ಎಲ್ಲರೂ ಬಿಸಿಲಿನಲ್ಲೇ ವೃತ್ತಾಕಾರವಾಗಿ ಕುಳಿತೆವು. ಗಂಟೆ ಹನ್ನೆರಡೂವರೆ. ಅಕ್ಕೋರ ಮೊಬೈಲ್ ರಿಂಗಾಯಿತು. ಅಲ್ಲಿ ಬೆಳಗಿನ ಎಂಟು, ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ತಾಸು. ಮಗ ಹೊಸದಾಗಿ ತಂದ ದೀಪದ ಮುಂದೆ ಗಂಜಿಯ ಬಟ್ಟಲು ಹಿಡಿದು ಕುಳಿತಿದ್ದ. ಮುಖದ ಒಂದು ಬದಿ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತಿತ್ತು.

"ಎಷ್ಟು ಹೊತ್ತು ಕೂರಬೇಕು ಅದರ ಮುಂದೆ?" ಎಂದರು ಅಕ್ಕೋರು.

"ಅರ್ಧ ತಾಸು ಅವ್ವಾ. ಇನ್ನೂ ಇಪ್ಪತ್ತು ನಿಮಿಷ ಇದೆ."

ಅಕ್ಕೋರು ಮೊಬೈಲನ್ನು ನೀರಿನ ಕೊಡಕ್ಕೆ ಒರಗಿಸಿ, ಅವನ ಮುಖ ಜೋಳದ ಕಡೆ ಬರುವಂತೆ ತಿರುಗಿಸಿ ಇಟ್ಟರು. ಅವನ ದೀಪದ ಹೊತ್ತು ಮುಗಿಯುವವರೆಗೂ ನಾವು ಉಣ್ಣುತ್ತಲೇ ಇದ್ದೆವು.